ಅಮ್ಮನ ಹವಳ

ಬಸವನಗುಡಿಯ ನಮ್ಮ ಮನೆಯಲ್ಲಿ ಸಮುದ್ರವೆಂಬುದು ಇದ್ದದ್ದು ಒಂದೇ ಕಡೆ, ಅಮ್ಮನ ಕತ್ತಿನಲ್ಲಿ. ತಾಳಿಯ ಅಕ್ಕಪಕ್ಕ, ಕರಿಮಣಿಗಳ ನಡುವೆ, ಎರಡು ಹವಳಗಳಿದ್ದವು. ಹುಡುಗನಾಗಿದ್ದಾಗ ಅವಳ ತೊಡೆಯ ಮೇಲೆ ಮಲಗಿ ಅವನ್ನು ಬೆರಳಲ್ಲಿ ಉರುಳಿಸುತ್ತ, "ಇದು ಎಲ್ಲಿ ಸಿಗುತ್ತಮ್ಮ?" ಎಂದು ಕೇಳುತ್ತಿದ್ದೆ. "ಸಮುದ್ರದೊಳಗೆ ಗಿಡದ ಹಾಗೆ ಬೆಳೆಯುತ್ತಂತೆ ಕಣೋ. ನಾನೇನು ನೋಡಿದೀನಾ?" ಎನ್ನುತ್ತಿದ್ದಳು. ಅವಳು ಸಮುದ್ರವನ್ನು ನೋಡಲೇ ಇಲ್ಲ. ರಾಮೇಶ್ವರಕ್ಕೆ ಹೋಗುವುದೆಂದು ಮೂರು ಸಲ ನಿಶ್ಚಯವಾಗಿ ಮೂರು ಸಲವೂ ತಪ್ಪಿತು. ಅಪ್ಪ ತೀರಿಕೊಂಡ ಮೇಲೆ ಆ ಹವಳಗಳು ಅರಿಸಿನದ ಬಟ್ಟೆಯಲ್ಲಿ ಸುತ್ತಿಕೊಂಡು ಹಿತ್ತಾಳೆ ಡಬ್ಬಿ ಸೇರಿದವು. ಅವಳೂ ಹೋದ ಮೇಲೆ ಒಂದು ತಂಗಿಯ ಪಾಲಿಗೆ ಬಂತು, ಇನ್ನೊಂದು ನನ್ನ ಪಾಲಿಗೆ.

ಮಗಳು ಅಳಿಯ ಈಜಿಪ್ಟಿನ ಹುರ್ಘಾಡಕ್ಕೆ ಹೊರಟು ನನ್ನನ್ನೂ ಕರೆದಾಗ ಪೆಟ್ಟಿಗೆಯಲ್ಲಿ ಆ ಹವಳವನ್ನೂ ಇಟ್ಟುಕೊಂಡೆ. ಹವಳದ ದಿಬ್ಬಗಳಿಗೆ ಹೆಸರಾದ ಊರು ಎಂದು ಕೇಳಿದ್ದೆ. ನೋಡದ ಸಮುದ್ರದಲ್ಲಿ ಅಮ್ಮನ ಹೆಸರು ಹೇಳಿ ಅದನ್ನು ಬಿಟ್ಟು ಬರೋಣ, ಅದು ತನ್ನ ಮನೆ ಸೇರಲಿ ಎಂಬುದು ನನ್ನ ಮನಸ್ಸಿನಲ್ಲಿದ್ದ ಯೋಚನೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆಂಬ ಸಂಕೋಚ.

ಹುರ್ಘಾಡ ವಿಚಿತ್ರವಾದ ಊರು. ಒಂದು ಕಡೆ ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟಸಾಲು, ನಡುವೆ ಮರಳು, ಮರಳಿನ ಅಂಚಿಗೆ ಸಾಲಾಗಿ ಹೋಟೆಲುಗಳು, ಆಮೇಲೆ ಕಣ್ಣು ಕುಕ್ಕುವ ನೀಲಿ. ಅರಬ್ಬರ ಬಾಯಲ್ಲಿ ಇದು ಅಲ್-ಗರ್ದಖಾ. ಉಪ್ಪುನೆಲದಲ್ಲಿ ಬೆಳೆಯುವ ಒಂದು ಪೊದೆಯಿಂದ ಬಂದ ಹೆಸರು. ನೂರು ವರ್ಷದ ಹಿಂದೆ ಮೀನುಗಾರರ ಹಳ್ಳಿ. ಆಮೇಲೆ ಹತ್ತಿರದಲ್ಲಿ ಎಣ್ಣೆ ಸಿಕ್ಕಿತು. ಪ್ರವಾಸಿಗಳು ಕಿಕ್ಕಿರಿದದ್ದು 1980ರ ಈಚೆಗೆ. ವರ್ಷವಿಡೀ ಬೀಳುವ ಮಳೆಯನ್ನು ಕೂಡಿಸಿದರೂ ನಮ್ಮೂರಿನ ಜೂನ್ ತಿಂಗಳ ಒಂದು ಸಂಜೆಯ ಮಳೆಗೆ ಸಮನಾಗದು. ಹೊಳೆಯೊಂದೂ ಬಂದು ಸೇರದ ಕಾರಣ ಈ ಸಮುದ್ರದಲ್ಲಿ ಉಪ್ಪು ಹೆಚ್ಚು, ಕೆಸರು ಕಡಮೆ. ನೀರು ತಿಳಿಯಾಗಿರುವುದರಿಂದಲೇ ಬಿಸಿಲು ಆಳಕ್ಕಿಳಿಯುತ್ತದೆ, ಬಿಸಿಲು ಇಳಿಯುವುದರಿಂದಲೇ ಹವಳದ ದಿಬ್ಬ ಬೆಳೆಯುತ್ತದೆ. ನೆಲದ ಮೇಲಿನ ಬಡತನವೇ ನೀರೊಳಗಿನ ಸಿರಿವಂತಿಕೆಗೆ ಕಾರಣ.

ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತು ಅದನ್ನು ನೋಡಿದೆವು. ಮೊದಲು ಬರಿಯ ಮರಳು. ಮರುಕ್ಷಣ ಕೆ.ಆರ್. ಮಾರ್ಕೆಟ್ಟಿನ ಹೂವಿನ ಮಳಿಗೆಗಳ ಮೇಲೆ ತೇಲಿದ ಹಾಗಾಯಿತು. ಜಿಂಕೆಯ ಕೊಂಬಿನ ಹಾಗೆ ಕವಲೊಡೆದವು, ಹೂಕೋಸಿನ ಹಾಗೆ ಮುದ್ದೆಯಾದವು, ಬೀಸಣಿಗೆಯಂತೆ ಅಗಲವಾದವು. ನಡುವೆ ಗಿಣಿಮೂತಿಯ ಮೀನೊಂದು ಹವಳವನ್ನು ಕಟಕಟ ಕಡಿದು ತಿನ್ನುತ್ತಿತ್ತು. ಅದು ತಿಂದು ಹೊರಹಾಕುವ ಪುಡಿಯೇ ಇಲ್ಲಿಯ ಬಿಳಿ ಮರಳಿನ ಒಂದು ಪಾಲಂತೆ. ಎದುರಿನ ಗಿಫ್ತೂನ್ ದ್ವೀಪಗಳಲ್ಲಿ ಬಿಳಿಗಣ್ಣಿನ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ಕೆಂಪು ಸಮುದ್ರ ಮತ್ತು ಅದರ ಆಸುಪಾಸು ಬಿಟ್ಟರೆ ಬೇರೆಲ್ಲೂ ಅವಕ್ಕೆ ನೆಲೆಯಿಲ್ಲ. ಕರಾವಳಿಯ ದಕ್ಷಿಣಕ್ಕೆ ಹೋದರೆ ಕಡಲಹುಲ್ಲು ಮೇಯುವ ಕಡಲಹಸುವೂ ಕಾಣಸಿಗುತ್ತದೆಂದು ದೋಣಿಯವನು ಹೇಳಿದ.

ನಾನು ಜೇಬಿನಲ್ಲಿ ಕೈಯಿಟ್ಟುಕೊಂಡು ಗಾಜಿನೊಳಗೆ ಕೆಂಪನ್ನು ಹುಡುಕುತ್ತಿದ್ದೆ. ಕಂದು ಇತ್ತು, ಹಳದಿ ಇತ್ತು, ನೇರಳೆ ಇತ್ತು. ಅಮ್ಮನ ಕತ್ತಿನ ಆ ಕೆಂಪು ಮಾತ್ರ ಎಲ್ಲೂ ಇರಲಿಲ್ಲ. ಕೊನೆಗೆ ತಡೆಯಲಾರದೆ ಹವಳವನ್ನು ಹೊರತೆಗೆದು ದೋಣಿಯವನಿಗೆ ತೋರಿಸಿದೆ. ಅವನು ಹೌಹಾರಿ ಸುತ್ತಲೂ ನೋಡಿದ. ಅಳಿಯ ತಕ್ಷಣ, "ಮಾವ, ಒಳಗಿಡಿ. ಇಲ್ಲಿಂದ ಹವಳ ಸಾಗಿಸೋದು ಅಪರಾಧ" ಎಂದ. ಇದು ಇಲ್ಲಿಯದಲ್ಲ, ನಮ್ಮಮ್ಮನ ತಾಳಿಯದು ಎಂದು ನಾನು. ಅದನ್ನು ಅರಬ್ಬೀ ಭಾಷೆಯಲ್ಲಿ ಹೇಳುವವರು ಯಾರು? ದೋಣಿಯವನು ಅದನ್ನು ಕೈಯಲ್ಲಿ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿ, ನಕ್ಕು, ಹಿಂದಕ್ಕೆ ಕೊಟ್ಟ. ತಲೆಯಾಡಿಸಿ ಉತ್ತರದ ಕಡೆಗೆ ಕೈ ತೋರಿಸಿ, "ಇತಾಲಿಯಾ" ಎಂದ.

ಆ ಒಂದು ಮಾತಿಗೆ ನಾನು ಪೆಚ್ಚಾದೆ. ಆಮೇಲೆ ಯೋಚಿಸಿದರೆ ಅವನು ಹೇಳಿದ್ದು ಸರಿ. ನಾವು ಎರಡಕ್ಕೂ ಹವಳವೆಂದೇ ಹೆಸರಿಟ್ಟಿದ್ದೇವೆ. ಆದರೆ ದಿಬ್ಬ ಕಟ್ಟುವ ಹವಳ ಬೇರೆ, ಒಡವೆಯ ಹವಳ ಬೇರೆ. ದಿಬ್ಬದ ಹವಳ ತನ್ನ ಮೈಯೊಳಗೆ ಪಾಚಿಯ ಕಣಗಳನ್ನು ಸಾಕಿಕೊಂಡು ಬಿಸಿಲಿನಿಂದ ಬದುಕುತ್ತದೆ. ಒಡವೆಯ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದಲ್ಲಿ, ಬೆಳಕು ಮಂಕಾದ ಬಂಡೆಗಳ ಸಂದಿನಲ್ಲಿ ಬೆಳೆಯುವಂಥದು. ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ದಪ್ಪವಾಗದು. ಅಮ್ಮನ ಕತ್ತಿನ ಕಡಲೆಗಾತ್ರದ ಮಣಿಯ ಹಿಂದೆ ಎಷ್ಟು ಕಾಲದ ಬೆಳೆಯಿತ್ತೋ! ರೋಮಿನ ಪ್ಲಿನಿ ಕ್ರಿಸ್ತಶಕದ ಮೊದಲ ಶತಮಾನದಲ್ಲೇ ಈ ವ್ಯತ್ಯಾಸ ಬರೆದಿಟ್ಟಿದ್ದಾನೆ. ಕೆಂಪು ಸಮುದ್ರದಲ್ಲಿಯೂ ಹವಳವಿದೆ, ಆದರೆ ಅದು ಕಪ್ಪು. ಒಳ್ಳೆಯದು ಗಾಲ್ ದೇಶದ ಕೊಲ್ಲಿಯಲ್ಲಿ, ಸಿಸಿಲಿಯ ಆಸುಪಾಸಿನಲ್ಲಿ ಸಿಗುವಂಥದು ಎಂದು ಅವನ ಮಾತು. ರೋಮಿನ ಹೆಂಗಸರು ಭಾರತದ ಮುತ್ತಿಗೆ ಎಷ್ಟು ಆಸೆಪಡುತ್ತಾರೋ, ಭಾರತದವರು ಹವಳಕ್ಕೆ ಅಷ್ಟೇ ಆಸೆಪಡುತ್ತಾರೆ ಎಂದೂ ಹೇಳುತ್ತಾನೆ.

ಹಾಗಾದರೆ ಆ ಹವಳ ನಮ್ಮ ಕಡೆಗೆ ಬಂದ ದಾರಿ ಯಾವುದು? ಉತ್ತರ ನಾನು ಕೂತಿದ್ದ ಕರಾವಳಿಯಲ್ಲೇ ಇತ್ತು. ಮರುದಿನ ಬಾಡಿಗೆ ಕಾರಿನಲ್ಲಿ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರು ಹೋದೆವು. ಕುಸೈರ್ ಎಂಬ ಹಳೆಯ ಊರು ಇನ್ನೂ ಎಂಟು ಕಿಲೋಮೀಟರು ಇದೆ ಎನ್ನುವಾಗ ರಸ್ತೆಯ ಪಕ್ಕ ಮರಳುದಿಣ್ಣೆಗಳು ಕಾಣುತ್ತವೆ. ನೋಡಲು ಏನೂ ಇಲ್ಲ. ಮೊಮ್ಮಗಳು, "ಇದಕ್ಕಾ ತಾತ ಇಷ್ಟು ದೂರ ಬಂದಿದ್ದು?" ಎಂದು ಮುಖ ಸಿಂಡರಿಸಿದಳು. ಆದರೆ ಅದೇ ಮ್ಯೋಸ್ ಹೊರ್ಮೊಸ್ ಬಂದರು. ಅಲ್ಲಿಂದ ವರ್ಷಕ್ಕೆ 120 ಹಡಗುಗಳು ಭಾರತಕ್ಕೆ ಹೊರಡುತ್ತವೆಂದು ಸ್ಟ್ರಾಬೊ ಬರೆದದ್ದು ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ. ಮೆಡಿಟರೇನಿಯನ್ನಿನ ಸರಕು ಅಲೆಕ್ಸಾಂಡ್ರಿಯಕ್ಕೆ ಬಂದು, ನೈಲ್ ನದಿಯಲ್ಲಿ ಕೊಪ್ಟೊಸ್‌ವರೆಗೆ ದೋಣಿಯೇರಿ, ಅಲ್ಲಿಂದ ಒಂಟೆಯ ಬೆನ್ನ ಮೇಲೆ ಮರಳುಗಾಡು ದಾಟುತ್ತಿತ್ತು. ಇನ್ನೂ ದಕ್ಷಿಣದ ಬೆರೆನಿಕೆ ಬಂದರಿಗಾದರೆ ಹನ್ನೆರಡು ದಿನದ ದಾರಿ. ಬಿಸಿಲಿಗೆ ಹೆದರಿ ಹೆಚ್ಚಿನ ಪಯಣವೆಲ್ಲ ರಾತ್ರಿ. ನಡುಬೇಸಗೆಯಲ್ಲಿ ಹಡಗು ಬಿಟ್ಟು, ಮುಂಗಾರು ಗಾಳಿ ಹಿಡಿದು, ಅರಬ್ಬರ ಕೊನೆಯ ರೇವಿನಿಂದ ನಲವತ್ತು ದಿನಕ್ಕೆ ಕೇರಳದ ಮುಜಿರಿಸ್ ಮುಟ್ಟುತ್ತಿದ್ದರು. ಅಲ್ಲಿ ಇಳಿಯುತ್ತಿದ್ದ ಸರಕುಗಳ ಪಟ್ಟಿಯನ್ನು ಅದೇ ಶತಮಾನದ ಗ್ರೀಕ್ ನಾವಿಕನೊಬ್ಬ 'ಪೆರಿಪ್ಲಸ್' ಎಂಬ ಕೈಪಿಡಿಯಲ್ಲಿ ಕೊಟ್ಟಿದ್ದಾನೆ. ಅದರಲ್ಲಿ ನಾಣ್ಯವಿದೆ, ಗಾಜಿದೆ, ತಾಮ್ರವಿದೆ, ಹವಳವೂ ಇದೆ.

ನಮ್ಮವರೂ ಸುಮ್ಮನೆ ಕೂತು ಕಾಯುತ್ತಿರಲಿಲ್ಲ. ಈ ದಿಣ್ಣೆಗಳಲ್ಲಿ ಸಿಕ್ಕ ಮಡಕೆಚೂರುಗಳ ಮೇಲೆ ತಮಿಳು ಬ್ರಾಹ್ಮಿಯಲ್ಲಿ ಕಣನ್, ಚಾತನ್ ಎಂಬ ಹೆಸರುಗಳಿವೆ. ಬೆರೆನಿಕೆಯ ದೇವಾಲಯದ ನೆಲದಲ್ಲಿ ಹೂತಿದ್ದ ಭಾರತದ ದೊಡ್ಡ ಗುಡಾಣದೊಳಗೆ ಏಳೂವರೆ ಕಿಲೋ ಕರಿಮೆಣಸು ಸಿಕ್ಕಿತು. 2022ರಲ್ಲಿ ಅಲ್ಲಿಯೇ ಅಮೃತಶಿಲೆಯ ಬುದ್ಧನ ವಿಗ್ರಹ ಹೊರಬಂತು. ಮೂರನೆಯ ಶತಮಾನದ ಸಂಸ್ಕೃತ ಶಾಸನವೂ ದೊರೆಯಿತು. ಅಂದಮೇಲೆ ಹುರ್ಘಾಡದ ಹೋಟೆಲಿನಲ್ಲಿ ಅನ್ನ ಸಾರು ಸಿಗುವುದಿಲ್ಲವೆಂದು ಗೊಣಗುತ್ತಿದ್ದ ನಾನು ಇಲ್ಲಿಗೆ ಬಂದ ಮೊದಲ ದಕ್ಷಿಣದವನೇನೂ ಅಲ್ಲ.

ಹೋದ ಸರಕಿಗೆ ಬಂದ ಬೆಲೆಯ ಗುರುತು ನಮ್ಮ ಬೆಂಗಳೂರಿನಲ್ಲೇ ಇದೆ. ಮಲ್ಲೇಶ್ವರ ದಾಟಿದರೆ ಯಶವಂತಪುರ. 1891ರಲ್ಲಿ ಅಲ್ಲಿ ರೈಲುದಾರಿಯ ಕೆಲಸಕ್ಕಾಗಿ ನೆಲ ಅಗೆಯುವಾಗ ನೂರಕ್ಕೂ ಮೇಲ್ಪಟ್ಟು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಮುದ್ರೆಯವು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಮೇಲೆದ್ದದ್ದು 1898ರ ಪ್ಲೇಗಿನ ಹೊತ್ತಿನಲ್ಲಿ. ಅಂದರೆ ಮಲ್ಲೇಶ್ವರದ ಮೊದಲ ಮನೆಗಳಿಗೆ ಪಾಯ ತೋಡುವ ಮೊದಲೇ ಪಕ್ಕದ ನೆಲ ತನ್ನ ಹಳೆಯ ಲೆಕ್ಕ ಒಪ್ಪಿಸಿತ್ತು. ಭಾರತವು ವರ್ಷಕ್ಕೆ ಕೋಟಿಗಟ್ಟಲೆ ನಾಣ್ಯ ಹೀರಿಕೊಳ್ಳುತ್ತಿದೆಯೆಂದು ಪ್ಲಿನಿ ಹಲುಬಿದ್ದನಷ್ಟೆ. ಅದರಲ್ಲೊಂದು ಹಿಡಿ ಯಶವಂತಪುರದ ಕೆಂಪುಮಣ್ಣಿನಲ್ಲಿತ್ತು.

ಈ ಸಂಬಂಧದ ಇನ್ನೊಂದು ಎಳೆಯನ್ನು ನಾನು ಮೊದಲು ಕೇಳಿದ್ದು ಚಾಮರಾಜಪೇಟೆಯಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಒಂದು ಉಪನ್ಯಾಸದಲ್ಲಿ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹಳೆಯ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ಅಗೆಸಿ, ಪಪೈರಸ್ ಹಾಳೆಗಳ ರಾಶಿಯನ್ನೇ ತೆಗೆದರು. 1903ರಲ್ಲಿ ಅವರು ಅಚ್ಚುಹಾಕಿಸಿದ ಒಂದು ಹಾಳೆಯಲ್ಲಿ ಗ್ರೀಕ್ ಪ್ರಹಸನವಿತ್ತು. ಹಾಳೆ ಬರೆದದ್ದು ಎರಡನೆಯ ಶತಮಾನದಲ್ಲಿ. ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ದೇವಿಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅಣ್ಣ ಹಡಗಿನಲ್ಲಿ ಬಂದು, ನೀರು ಬೆರೆಸದ ದ್ರಾಕ್ಷಾರಸವನ್ನು ಅಲ್ಲಿಯ ಅರಸನಿಗೂ ಅವನ ಮಂದಿಗೂ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಅರಸ ಮಾತಾಡುವುದು ತನ್ನ ದೇಶದ ಭಾಷೆಯಲ್ಲಿ. ಗ್ರೀಕ್ ಲಿಪಿಯಲ್ಲಿ ಬರೆದಿದ್ದರೂ ಗ್ರೀಕರಿಗೆ ಅರ್ಥವಾಗದ್ದು. ಹುಲ್ಟ್ಷ್ ಎಂಬ ಜರ್ಮನ್ ಶಾಸನತಜ್ಞ 1904ರಲ್ಲಿ ಅದರಲ್ಲಿ ಕೊಂಚ, ಮಧು, ಪಾತ್ರೆ, ಹಾಕು ಎಂಬ ಕನ್ನಡದ ಮಾತುಗಳನ್ನು ಗುರುತಿಸಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಆರ್. ಶಾಮಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು.

ಕೇಳಿದ ದಿನ ನಾನು ಉಬ್ಬಿಹೋಗಿದ್ದೆ. ಹಲ್ಮಿಡಿ ಶಾಸನಕ್ಕಿಂತ ಮುನ್ನೂರು ವರ್ಷ ಹಿಂದೆಯೇ ಕನ್ನಡ ಈಜಿಪ್ಟಿನ ರಂಗದ ಮೇಲಿತ್ತಲ್ಲ! ವಯಸ್ಸಾದ ಮೇಲೆ ಆ ಉಬ್ಬರ ಇಳಿಯಿತು. ಲಂಡನ್ನಿನ ಬಾರ್ನೆಟ್ 1926ರಲ್ಲೇ ಇದನ್ನು ಒಪ್ಪಲಾಗದೆಂದು ಬರೆದಿದ್ದರು. 1980ರ ದಶಕದಲ್ಲಿ ಕೆಲವರು ಅದು ತುಳುವೆಂದರು. ಬರಿಯ ಗದ್ದಲದ ಶಬ್ದ, ನಗಿಸುವುದಕ್ಕೆ ಹಾಕಿದ್ದು ಎನ್ನುವವರೂ ಇದ್ದಾರೆ. ಎರಡನೆಯ ಶತಮಾನದ ಉಲಿಯನ್ನು ನಾವು ಇಂದು ಅಡುಗೆಮನೆಯಲ್ಲಿ ಆಡುವ ಮಾತಿನಿಂದ ಓದಿಬಿಟ್ಟರೆ ಅನುಮಾನ ಬರುವುದು ಸಹಜವೇ. ಆದರೆ ಗ್ರೀಕರ ಹಡಗು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿತ್ತು, ಅಲ್ಲಿಯ ಜನ ಬೇರೊಂದು ಭಾಷೆ ಆಡುತ್ತಿದ್ದರು, ಆ ಸಂಗತಿ ಈಜಿಪ್ಟಿನ ಒಳನಾಡಿನ ನೋಟಕರಿಗೂ ಗೊತ್ತಿತ್ತು ಎಂಬಷ್ಟು ಮಾತ್ರ ಗಟ್ಟಿ. ನನಗೆ ಈಗ ಅಷ್ಟು ಸಾಕು. ಪ್ರಹಸನದಲ್ಲಿ ನನಗೆ ಹೆಚ್ಚು ಹಿಡಿಸುವುದು ಬೇರೊಂದು ಗಳಿಗೆ. ಓಡಿಹೋಗುವ ಮುನ್ನ ದೇವಿಯ ಕಾಣಿಕೆಗಳನ್ನೂ ಎತ್ತಿಕೊಂಡು ಹೋಗೋಣವೆಂದು ವಿದೂಷಕ ಹೇಳುತ್ತಾನೆ. ಹುಡುಗಿ ಒಪ್ಪುವುದಿಲ್ಲ. ಅಲ್ಲಿಯದು ಅಲ್ಲೇ ಇರಲಿ ಎಂಬುದು ಅವಳ ನಿಲುವು.

ಮ್ಯೋಸ್ ಹೊರ್ಮೊಸ್‌ನ ದಿಣ್ಣೆಯ ಮೇಲೆ ನಿಂತು ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಮಳೆಯಿಲ್ಲದ ಈ ನೆಲವೇ ಹಾಳೆಯನ್ನೂ ಕಾಪಾಡಿತು, ಮೆಣಸನ್ನೂ ಕಾಪಾಡಿತು. ನಮ್ಮ ಕಡೆ ಆಗಿದ್ದರೆ ಎರಡು ಮಳೆಗಾಲಕ್ಕೆ ಎಲ್ಲ ಕೊಳೆತು ಗೊಬ್ಬರವಾಗುತ್ತಿತ್ತು. ಅವಳು ಕೇಳಿದಳು: "ಹಾಗಾದರೆ ಅಜ್ಜಮ್ಮನ ಹವಳಾನೂ ಈ ದಾರೀಲೇ ಬಂತಾ?" ನಾನು ತಡವರಿಸಿದೆ. ಅಮ್ಮನದು ಅಷ್ಟು ಹಳೆಯದಲ್ಲ. ಅದನ್ನು ಕೊಂಡದ್ದು ಚಿಕ್ಕಪೇಟೆಯಲ್ಲಿ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಟಲಿಯ ಲಿವೊರ್ನೊ ಬಂದರಿನ ಯಹೂದಿ ವರ್ತಕರು ಹವಳ ಕಳಿಸಿ ವಜ್ರ ತರಿಸುತ್ತಿದ್ದರು. ಮದರಾಸಿನಲ್ಲಿ ಹವಳದ ವ್ಯಾಪಾರಿಗಳದೇ ಒಂದು ಬೀದಿ ಇಂದಿಗೂ ಇದೆ. ದಾರಿ ಬದಲಾಗಿತ್ತು, ಆಸೆ ಅದೇ. "ಇದೇ ದಾರಿಯಲ್ಲಲ್ಲ ಮಗು. ಇದರ ಅಜ್ಜಿ, ಮುತ್ತಜ್ಜಿ ಹವಳಗಳು ಬಂದದ್ದು ಈ ದಾರಿಯಲ್ಲಿ" ಎಂದೆ.

ಹವಳವನ್ನು ನೀರಿಗೆ ಬಿಡಲಿಲ್ಲ. ಅದು ಅದರ ಮನೆಯೇ ಅಲ್ಲ. ನಮ್ಮ ಹಾಗೆಯೇ ಹಾದುಹೋಗುವ ದಾರಿ ಅಷ್ಟೆ. ಜಗತ್ತಿನ ಸಮುದ್ರಗಳು ಬಿಸಿಯೇರಿ ಎಲ್ಲೆಡೆ ಹವಳ ತನ್ನೊಳಗಿನ ಪಾಚಿ ಕಳೆದುಕೊಂಡು ಬಿಳಿಚಿಕೊಳ್ಳುತ್ತಿರುವಾಗ, ಕೆಂಪು ಸಮುದ್ರದ ಉತ್ತರ ಭಾಗದ ಹವಳಗಳು ಮಿಕ್ಕವಕ್ಕಿಂತ ಹೆಚ್ಚು ಬಿಸಿ ತಡೆಯಬಲ್ಲವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅವು ಉಳಿಯಲಿ. ಅಲ್ಲಿಗೆ ನಾನು ಹೊಸದೇನನ್ನೂ ಹಾಕಬೇಕಾಗಿಲ್ಲ, ಅಲ್ಲಿಂದ ಏನನ್ನೂ ತರಬೇಕಾಗಿಲ್ಲ.

ಹೊರಡುವ ದಿನ ಬೆಳಗ್ಗೆ ಒಬ್ಬನೇ ದಂಡೆಗೆ ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಂತು ಹವಳವನ್ನು ಮುಷ್ಟಿಯಲ್ಲಿ ಹಿಡಿದು ಮೂರು ಸಲ ಮುಳುಗಿಸಿದೆ. "ನೋಡಮ್ಮ, ಸಮುದ್ರ" ಎಂದೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ನೋಡಿದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ದಾರ ಪೋಣಿಸುವ ತೂತು ಕಂಡು, ಒಡವೆಯೆಂದು ಬಿಟ್ಟರು. ಈಗ ಅದು ಮೊಮ್ಮಗಳ ಬಳಿ ಇದೆ. ಎಲ್ಲಿ ಸಿಗುತ್ತೆ ಎಂದು ಯಾರಾದರೂ ಕೇಳಿದರೆ ಅವಳು ಉತ್ತರ ಹೇಳಲು ಹತ್ತು ನಿಮಿಷ ತೆಗೆದುಕೊಳ್ಳುತ್ತಾಳೆ.