ಸಿಡಿಯೊಳಗೆ ಅಡಗಿದ್ದ ಕಾವಲುಗಾರ

ಇವತ್ತು 2005ರ ಅಮೆರಿಕಕ್ಕೆ ಹೋಗೋಣ. ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ತಮ್ಮ ಕಂಪ್ಯೂಟರಲ್ಲಿ ಬಚ್ಚಿಟ್ಟಿದ್ದ ಸಾಫ್ಟ್‌ವೇರ್ ಪತ್ತೆ ಮಾಡಿದರು. ಬಂದದ್ದು ಎಲ್ಲಿಂದ? ದುಡ್ಡು ಕೊಟ್ಟು ತಂದ ಸೋನಿ ಬಿಎಂಜಿ ಹಾಡಿನ ಸಿಡಿಯಿಂದ!

ಕಂಪ್ಯೂಟರಲ್ಲಿ ಆ ಸಿಡಿ ಕೇಳೋಕೆ ಅದರದ್ದೇ ಪ್ಲೇಯರ್ ಬೇಕಿತ್ತು. ಅದರ ಜೊತೆ ಕಾಪಿ ತಡೆಯುವ ಎಕ್ಸ್‌ಸಿಪಿಯೂ ಒಳಗೆ ಬರುತ್ತಿತ್ತು. ಕೈಯಾರೆ ಕಿತ್ತು ಹಾಕಿದರೆ ಸಿಡಿ ಡ್ರೈವೇ ಮಾಯ. ‘ಡಾಲರ್‌ಸಿಸ್‌ಡಾಲರ್’ ಅಂತ ಶುರುವಾಗೋ ಯಾವ ಫೈಲನ್ನಾದರೂ ಅದು ಮರೆಮಾಡುತ್ತಿತ್ತು. ವೈರಸ್ ಬರೆಯೋರು ಅದೇ ಹೆಸರಿಟ್ಟು ಅಡಗಿಕೊಂಡರು. ನವೆಂಬರಲ್ಲಿ ಕಂಪನಿ ಸಿಡಿಗಳನ್ನು ವಾಪಸ್ ಪಡೆಯಿತು.

ಬಿ.ಕಾಂ. ಓದಿದ ನನಗೆ ಕಾಣೋ ಲೆಕ್ಕ ಇಷ್ಟೇ: ಕದ್ದ ಎಂಪಿ3 ಕೇಳಿದವನಿಗೆ ಈ ಕಾಟವಿರಲಿಲ್ಲ, ದುಡ್ಡು ಕೊಟ್ಟವನೇ ಸಿಕ್ಕಿಬಿದ್ದ. ಕೊಂಡದ್ದು ನಮ್ಮ ಯಂತ್ರದೊಳಗೆ ಏನು ಮಾಡುತ್ತೆ ಅಂತ ತಿಳಿಯೋ ಹಕ್ಕು ನಮಗಿದೆ ತಾನೇ?