ಪೂರ್ವಕಲಿಕೆಯ ಮಾನ್ಯತೆ

ವಯಸ್ಕರು ದುಡಿಮೆಯಲ್ಲಿ, ಮನೆತನದ ಕಸುಬಿನಲ್ಲಿ, ಸ್ವಂತ ಅಭ್ಯಾಸದಲ್ಲಿ ಗಳಿಸಿದ ತಿಳಿವು ಮತ್ತು ಕೌಶಲವನ್ನು ಪರೀಕ್ಷಿಸಿ, ಪ್ರಮಾಣಪತ್ರಕ್ಕೋ ಕ್ರೆಡಿಟ್‌ಗೋ ಕೋರ್ಸಿನ ಪ್ರವೇಶಕ್ಕೋ ಲೆಕ್ಕ ಹಿಡಿಯುವ ವ್ಯವಸ್ಥೆ. ಆರ್‌ಪಿಎಲ್ ಎಂಬ ಹೆಸರೂ ರೂಢಿಯಲ್ಲಿದೆ. ಫ್ರಾನ್ಸಿನ 2002ರ ಕಾಯಿದೆಯಂತೆ ಅನುಭವದ ಬಲದಿಂದಲೇ ಪೂರ್ಣ ಪದವಿ ಪಡೆಯಬಹುದು.

ಭಾರತದಲ್ಲಿ: 2013ರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಇದಕ್ಕೆ ಬುನಾದಿ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ ಒಂದು ಭಾಗ. ಕೆಲಸ ಬಲ್ಲವರಿಗೆ ಕಿರು ಮಾರ್ಗದರ್ಶನ ಕೊಟ್ಟು, ಪರೀಕ್ಷಿಸಿ ಪ್ರಮಾಣಪತ್ರ ನೀಡುತ್ತಾರೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್‌ನಂತೆ ವರ್ಷದ 1,200 ಗಂಟೆಗೆ 40 ಕ್ರೆಡಿಟ್ ಎಣಿಸುತ್ತದೆ, ಅನುಭವಕ್ಕೂ ತೂಕವಿಟ್ಟಿದೆ.

ಹಂಪಿ ಪರಿಸರ: ಕಂಪ್ಲಿ ತಾಲೂಕಿನ ಮೆಟ್ರಿಯ ಸುತ್ತಿನ ಸೀಮೆಯಲ್ಲಿ ಇಂಥ ಕಲಿಕೆಗೆ ಎರಡು ನಿದರ್ಶನಗಳು ಎದ್ದು ಕಾಣುತ್ತವೆ. ದರೋಜಿಯ ಬುರ್ರಕಥಾ ಕಲಾವಿದೆ ಈರಮ್ಮ (ನಿಧನ 2014) ಅಕ್ಷರ ಕಲಿಯದೆಯೂ ಹನ್ನೆರಡು ಜನಪದ ಕಥನಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ (ಸ್ಥಾಪನೆ 1991) ಅವರಿಗೆ ನಾಡೋಜ ಗೌರವ ಪದವಿ ನೀಡಿತು. ಇದು ಸಾಧನೆಗೆ ಸಂದ ಮನ್ನಣೆ. ಮುಂದಿನ ತರಗತಿಗೆ ಮೆಟ್ಟಿಲಾಗುವ ಕ್ರೆಡಿಟ್‌ನ ಬಗೆ ಬೇರೆ.

ಎರಡನೆಯ ನಿದರ್ಶನವಾದ ಸಂಡೂರಿನ ಲಂಬಾಣಿ ಕಸೂತಿ ಭೌಗೋಳಿಕ ಸೂಚಕ ಪಡೆದಿದೆ. ಕಿಲನ್, ವೇಲೆ, ನಕ್ರಾ ಮೊದಲಾದ ಹೊಲಿಗೆಗಳನ್ನು ತಾಂಡಾದ ಹುಡುಗಿಯರು ತಾಯಿ, ಅಜ್ಜಿಯರ ಪಕ್ಕ ಕೂತು ಕಲಿಯುತ್ತಾರೆ. ಆದರೆ ಸೂಚಕ ರಕ್ಷಿಸುವುದು ಕಸೂತಿಯ ಹೆಸರನ್ನು. ಹೊಲಿದವಳ ವಿದ್ಯಾರ್ಹತೆ ಅದರಿಂದ ಬದಲಾಗದು.

ಮಿತಿಗಳು: ಪರೀಕ್ಷೆ ನಡೆಯುವುದು ಮೊದಲೇ ಬರೆದಿಟ್ಟ ಉದ್ಯೋಗ ಮಾನದಂಡಗಳ ಮೇಲೆ. ಸೂಜಿಯ ಕೈಚಳಕ ಮಾಡಿ ತೋರಿಸಿದರೆ ತಿಳಿದೀತು. ಆದರೆ ಮನೆಮಾತು ಲಂಬಾಣಿಯಾಗಿರುವ ಹೆಂಗಸು ಅದನ್ನೇ ಪರೀಕ್ಷಕರ ಭಾಷೆಯಲ್ಲಿ ವಿವರಿಸಬೇಕಾದಾಗ ತಡವರಿಸುತ್ತಾಳೆ. ಕೆಲಸದ ಮಾದರಿ, ಮಾಡಿ ತೋರಿಸುವಿಕೆ, ಮಾತುಕತೆ ಮೂರನ್ನೂ ಕೂಡಿಸಿ ನೋಡುವ ಮೌಲ್ಯಮಾಪನ ಈ ಕೊರತೆಯನ್ನು ತಗ್ಗಿಸುತ್ತದೆ.