ಪಾತ್ರೆ ತೊಳೆದ ನೀರಿನಿಂದ ಕಾಣದ ಗಾಜಿನವರೆಗೆ

ಮಳೆ ನಿಂತ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಮೂಡುವುದನ್ನು ಎಲ್ಲರೂ ಕಂಡಿರುತ್ತಾರೆ. ಪೆಟ್ರೋಲಿಗೆ ಆ ಬಣ್ಣಗಳಿಲ್ಲ. ಅವು ಹುಟ್ಟುವುದು ಪೊರೆಯ ತೆಳುವಿನಿಂದ. ಪೊರೆಯ ಮೇಲ್ಮೈಯಿಂದಲೂ ತಳದಿಂದಲೂ ಮರಳುವ ಬೆಳಕಿನ ಅಲೆಗಳು ಬೆರೆತಾಗ ಕೆಲವು ಬಣ್ಣ ಎದ್ದು ಕಾಣುತ್ತವೆ, ಕೆಲವು ಅಳಿಸಿಹೋಗುತ್ತವೆ. ಇಂಥ ಪೊರೆಯನ್ನು ಅಳೆದು, ಪದರದ ಮೇಲೆ ಪದರವಾಗಿ ಕಟ್ಟುವ ವಿದ್ಯೆಗೆ ತಳಪಾಯ ಹಾಕಿದವರಲ್ಲಿ ಇಬ್ಬರು ಮಹಿಳೆಯರಿದ್ದಾರೆ. ಅವರಲ್ಲಿ ಒಬ್ಬರಿಗೆ ಪ್ರಯೋಗಾಲಯವೇ ಇರಲಿಲ್ಲ.

ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿದ್ದ ಆಗ್ನೆಸ್ ಪಾಕೆಲ್ಸ್ (1862–1935) ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವರು. ಅಲ್ಲಿನ ವಿಶ್ವವಿದ್ಯಾಲಯಗಳು ಆಗ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕಾಯಿಲೆಯ ತಂದೆತಾಯಿಯರ ಆರೈಕೆ, ಮನೆಗೆಲಸ, ಇದೇ ಅವರ ದಿನಚರಿ. ಆದರೆ ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹರಡುವ ಬಗೆ ಅವರನ್ನು ಹಿಡಿದು ನಿಲ್ಲಿಸಿತು. ಒಂದು ತಗಡಿನ ತೊಟ್ಟಿ. ಅದರ ಅಂಚಿನವರೆಗೆ ನೀರು. ನೀರಿಗೆ ಅಡ್ಡಲಾಗಿ ಇನ್ನೊಂದು ತಗಡಿನ ಪಟ್ಟಿ. ಪಟ್ಟಿಯನ್ನು ಸರಿಸಿದರೆ ಜಿಡ್ಡಿನ ಪೊರೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಕುಗ್ಗಿಸುತ್ತ ಹೋದಂತೆ, ಒಂದು ಹಂತದವರೆಗೆ ನೀರಿನ ಮೇಲ್ಮೈಯ ಎಳೆತ ಹೆಚ್ಚೇನೂ ಬದಲಾಗುವುದಿಲ್ಲ. ಆ ಹಂತ ದಾಟಿದೊಡನೆ ಥಟ್ಟನೆ ಇಳಿಯುತ್ತದೆ. ಪೊರೆಯ ಅಣುಗಳು ಒಂದಕ್ಕೊಂದು ಒತ್ತಿ ನಿಲ್ಲುವುದು ಅಲ್ಲೇ.

1891ರಲ್ಲಿ ಅವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆಗೆ ಜರ್ಮನ್ ಭಾಷೆಯಲ್ಲಿ ಪತ್ರ ಬರೆದರು. ರ‍್ಯಾಲೆಯ ಪತ್ನಿ ಅದನ್ನು ಇಂಗ್ಲಿಷಿಗೆ ತಂದರು, ರ‍್ಯಾಲೆ ‘ನೇಚರ್’ ಪತ್ರಿಕೆಗೆ ಕಳುಹಿಸಿದರು, ಮಾರ್ಚ್ ತಿಂಗಳಲ್ಲಿ ಅಚ್ಚಾಯಿತು. ತಾವೂ ಅದೇ ವಿಷಯದಲ್ಲಿ ತೊಡಗಿದ್ದವರು ಅಪರಿಚಿತೆಯೊಬ್ಬರ ಕೆಲಸಕ್ಕೆ ಹೀಗೆ ದಾರಿ ಮಾಡಿಕೊಟ್ಟದ್ದು ದೊಡ್ಡತನವೇ ಸರಿ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಇಂಥದೇ ತೊಟ್ಟಿಯನ್ನು ಸುಧಾರಿಸಿ, ಒಂದೇ ಅಣುವಿನಷ್ಟು ದಪ್ಪದ ಪೊರೆಗಳ ಅಧ್ಯಯನವನ್ನು 1917ರಲ್ಲಿ ಪ್ರಕಟಿಸಿದರು. 1932ರಲ್ಲಿ ನೊಬೆಲ್ ಪಡೆದರು. ಅವರ ಸಹೋದ್ಯೋಗಿ ಕ್ಯಾಥರಿನ್ ಬ್ಲಾಡ್ಜೆಟ್, ಕೇಂಬ್ರಿಡ್ಜ್‌ನಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಗಳಿಸಿದ (1926) ಮೊದಲ ಮಹಿಳೆ. ನೀರಿನ ಮೇಲೆ ಸಾಬೂನಿನ ಬಳಗಕ್ಕೆ ಸೇರಿದ ಬೇರಿಯಂ ಸ್ಟಿಯರೇಟ್‌ನ ಪೊರೆ ಹರಡಿ, ಗಾಜಿನ ಪಟ್ಟಿಯನ್ನು ಅದ್ದಿ ತೆಗೆದರೆ, ಇಳಿಯುವಾಗ ಒಂದು ಪದರ, ಏರುವಾಗ ಒಂದು ಪದರ ಅಂಟುತ್ತದೆ ಎಂದು ಅವರು ತೋರಿಸಿದರು. ಒಂದೊಂದು ಪದರವೂ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಸುಮಾರು 2.4 ಪಾಲು. ಪದರ ಹೆಚ್ಚಿದಂತೆ ಬಣ್ಣ ಬದಲಾಗುವುದರಿಂದ, ಬರೀ ಕಣ್ಣಿನಿಂದಲೇ ದಪ್ಪ ಹೇಳುವ ಅಳತೆಪಟ್ಟಿಯೂ ಸಿದ್ಧವಾಯಿತು.

ಸಾಮಾನ್ಯ ಗಾಜು ಬಿದ್ದ ಬೆಳಕಿನಲ್ಲಿ ಶೇ. 8ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. 1938ರಲ್ಲಿ ಬ್ಲಾಡ್ಜೆಟ್ 44 ಪದರಗಳನ್ನಿಟ್ಟಾಗ ಪೊರೆಯ ದಪ್ಪ ಬೆಳಕಿನ ಅಲೆಯ ಕಾಲು ಭಾಗದಷ್ಟಾಯಿತು. ಪೊರೆಯ ಎರಡು ಮೈಗಳಿಂದ ಮರಳುವ ಅಲೆಗಳಲ್ಲಿ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಎರಡೂ ಅಳಿದವು. ಬೆಳಕಿನ ಶೇ. 99ರಷ್ಟು ಗಾಜನ್ನು ದಾಟಿತು. ಪತ್ರಿಕೆಗಳು ಅದನ್ನು ಕಾಣದ ಗಾಜೆಂದು ಕರೆದವು.

ಪೊರೆ ಮಾತ್ರ ಮೆತ್ತನೆಯದು, ಒರೆಸಿದರೆ ಹೋಗುತ್ತಿತ್ತು. ಹಾಗಾಗಿ ನಿರ್ವಾತದಲ್ಲಿ ಲವಣಗಳನ್ನು ಆವಿ ಮಾಡಿ ಗಾಜಿನ ಮೇಲೆ ಕೂರಿಸುವ ಬೇರೆ ಕ್ರಮ ಗೆದ್ದಿತು. ಕ್ಯಾಮೆರಾ ಲೆನ್ಸಿನ ನೇರಳೆ ಛಾಯೆ ಅದರದೇ ಗುರುತು. ಅಣುಪದರಗಳಿಗೆ ಲ್ಯಾಂಗ್‌ಮ್ಯೂರ್–ಬ್ಲಾಡ್ಜೆಟ್ ಪೊರೆ ಎಂಬ ಹೆಸರು ನಿಂತಿತು, ತೊಟ್ಟಿಗೆ ಲ್ಯಾಂಗ್‌ಮ್ಯೂರ್ ಹೆಸರು. ಆಗ್ನೆಸ್‌ಗೆ ಬ್ರೌನ್‌ಷ್ವೈಗ್‌ನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1932ರಲ್ಲಿ, ಅವರಿಗೆ 70 ತುಂಬಿದ ಮೇಲೆ. ಭೌತಶಾಸ್ತ್ರದ ಪುಸ್ತಕಗಳಲ್ಲಿ ‘ಪಾಕೆಲ್ಸ್ ಪರಿಣಾಮ’ ಎಂಬುದೊಂದಿದೆ. ಅದು ವಿಶ್ವವಿದ್ಯಾಲಯಕ್ಕೆ ಹೋಗಿ ಓದಿದ ಅವರ ತಮ್ಮ ಫ್ರೀಡ್ರಿಶ್‌ನದು.